ಅಂಗೈ ಮೇಲಿನ ಅಕ್ಷರ

ಈ ಗಾಳಿಗೆ ಇವತ್ತು ಯಾವೂರಿಗೆ ಹೋಗೋ ಮನಸ್ಸೋ? — ದೋಣಿ ನಡೆಸುವ ಮಾಂಗ್ ಕಾರ್ದಿಂಗ್ ಎಂಜಿನಿನ ಹಗ್ಗ ಹಿಡಿದು ಕೇಳಿದರು, ಯಾರನ್ನೂ ಅಲ್ಲ, ಬಾಯಿ ಸುಮ್ಮನಿರಲಾರದೆ, ಒಂದು ಅಲೆ ದೋಣಿಯ ಪಕ್ಕಕ್ಕೆ ಚಾಚಿದ ಬಿದಿರ ತೋಳಿನ ಮೇಲೆ ಒಡೆದು ಜೋವೆಲಿನ್‌ಳ ಮೊಣಕಾಲಿಗೆ ಉಪ್ಪುನೀರು ಎರಚಿತು, ಅವಳು ಪ್ಲಾಸ್ಟಿಕ್ ಚೀಲವನ್ನು ಇನ್ನೂ ಬಿಗಿಯಾಗಿ ಎದೆಗೆ ಅವಚಿಕೊಂಡಳು, ನೆನೆಯಬಾರದು, ಕಾರ್ಡಾದರೆ ನೆನೆದರೂ ಒರೆಸಬಹುದು, ಟೀಚರ್ ಲೈಸೆನ್ಸಿನ ಕಾರ್ಡು, ಅದರಲ್ಲಿ ಅವಳ ಫೋಟೋ, ಕೋಳಿ ಕದ್ದು ಸಿಕ್ಕಿಬಿದ್ದೋಳ ಥರ ಇದೀಯಲ್ಲೇ ಅಂತ ಅಮ್ಮ ನಕ್ಕಿದ್ದಳು, ನಗುನಗುತ್ತಲೇ ಅಡುಗೆಬಟ್ಟೆಯಲ್ಲಿ ಕಣ್ಣೊರೆಸಿಕೊಂಡಿದ್ದಳು — ಆದರೆ ಕಾಗದಗಳು ಎರಡಿವೆ, ಅವು ನೆನೆದರೆ ಮುಗಿಯಿತು, ಒಂದು ಆಫೀಸಿನವರು ಕೊಟ್ಟ ಆದೇಶ, ಬಾಗಾಕಾಯ್ ಶಾಲೆಯ ಒಂದನೇ ತರಗತಿಗೆ ನಿಮ್ಮನ್ನು ನೇಮಿಸಲಾಗಿದೆ, ಇನ್ನೊಂದು ಅವಳೇ ನಿನ್ನೆ ಕೂತು ಬರೆದದ್ದು, ಆ ಕೆಲಸ ನನಗೆ ಬೇಡ. ಬೇಡ ಅನ್ನೋಕೆ ಎಷ್ಟು ಸಾಲು ಬೇಕಾಯಿತು, ಹದಿನಾಲ್ಕು, ಆಚೆ ದ್ವೀಪದ ಯಾವುದಾದರೂ ಶಾಲೆಗೆ ಹಾಕಿ, ಎಷ್ಟು ದೂರವಾದರೂ ಸರಿ, ಇದೊಂದು ಬೇಡ — ಯಾಕೆಂದರೆ ಆ ಒಂದನೇ ತರಗತಿ ಖಾಲಿಯೇ ಇಲ್ಲ, ಹತ್ತೊಂಬತ್ತು ವರ್ಷದಿಂದ ಅಲ್ಲಿ ಮ್ಯಾಮ್ ಲಿಯೋನಿಲಾ ಇದ್ದಾರೆ, ಆಫೀಸಿನ ಕಣ್ಣಿಗೆ ಮಾತ್ರ ಖಾಲಿ, ಮ್ಯಾಮ್‌ಗೆ ಲೈಸೆನ್ಸ್ ಇಲ್ಲವಲ್ಲ, ತರಗತಿಯ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಶಿಕ್ಷಕರು ಅನ್ನೋ ಕಡೆ ಬರೀ ಒಂದು ಗೀಟು, ಅದರ ಕೆಳಗೆ ಬದಲಿ, ಎಲ್. ರೆಹಾನೊ, ಪೆನ್ಸಿಲಿನಲ್ಲಿ, ಪ್ರತಿ ಜೂನಿನಲ್ಲೂ ಹೊಸ ಹಾಳೆಗೆ ಅವರೇ ಬರೆದು ಅಂಟಿಸುವುದು, ಪೆನ್ನಲ್ಲಿ ಬರೀಬಾರ್ದಾ ಮ್ಯಾಮ್ ಅಂತ ಒಂದು ಸಲ ಇವಳು ಕೇಳಿದ್ದಕ್ಕೆ, ಅಳಿಸೋರಿಗೆ ಕಷ್ಟ ಆಗಬಾರದು ಕಣೆ, ಅಂದಿದ್ದರು. ಲೈಸೆನ್ಸ್ ಇದ್ದವರು ಬಂದಿರಲಿಲ್ಲವೆಂದಲ್ಲ, ಬಂದವರು ಒಂದು ಬಿರುಗಾಳಿ ಕಂಡು ಮುಂದಿನ ದೋಣಿ ಹತ್ತಿದರು. ಈಗ ಹತ್ತಿ ಬರುತ್ತಿರುವವಳು ಯಾರು, ಅದೇ ಕೋಣೆಯಲ್ಲಿ ಕೂತು ಅಕ್ಷರ ಕಲಿತವಳು.

ಜೆ. ಅವಳ ಹೆಸರಿನ ಮೊದಲಕ್ಷರ, ಅದರ ಬುಡದ ಕೊಕ್ಕೆ ಎಡಕ್ಕೆ ತಿರುಗಬೇಕು, ಆರು ವರ್ಷದ ಜೋವೆಲಿನ್ ಕೈಗೆ ಅದು ದಿನಾ ಬಲಕ್ಕೇ ತಿರುಗುತ್ತಿತ್ತು, ಮೀನಿನ ಗಾಳವನ್ನು ಯಾರೋ ತಿರುವಿ ಹಾಕಿದ ಹಾಗೆ, ಹಿಂದಿನ ಬೆಂಚಿನವರು ಕಿಸಿಕಿಸಿ, ಮ್ಯಾಮ್ ಡಸ್ಟರ್ ಮುಟ್ಟಲಿಲ್ಲ, ಎದ್ದು ಬಂದು ತಮ್ಮ ಬಲಗೈಯನ್ನು ಹಲಗೆಯ ಮೇಲೆ, ಆ ಅಕ್ಷರದ ಮೇಲೆ, ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಒತ್ತಿದರು, ಸುಣ್ಣದ ಕಡ್ಡಿಯ ಬಿಳಿ ಅಂಗೈಗೆ ಬಂತು, ತಿರುಗಿಸಿ ತೋರಿಸಿದರು, ನೋಡು, ನನ್ನ ಕೈಯಲ್ಲಿ ಸರಿಯಾಗೇ ಇದೆ — ಹೌದು, ಕನ್ನಡಿಯಲ್ಲಿ ಬಿದ್ದ ಹಾಗೆ ತಿರುಗಿಕೊಂಡು ಕೊಕ್ಕೆ ಎಡಕ್ಕೇ ಇತ್ತು, ನಿಂಗೆ ಬರುತ್ತೆ ಮಗಳೇ, ಆಚೆ ಕಡೆಯಿಂದ ಬರೀತಿದೀಯ ಅಷ್ಟೆ, ಈಚೆಗೆ ಬಾ. ಆ ಬಿಳಿ ಅಂಗೈ. ಲೈಸೆನ್ಸ್ ಪರೀಕ್ಷೆಯ ಕೋಣೆಯಲ್ಲೂ ಅದೇ, ಮಗು ತಪ್ಪು ಬರೆದಾಗ ಶಿಕ್ಷಕಿ ಏನು ಮಾಡಬೇಕು, ನಾಲ್ಕು ಉತ್ತರ, ನಾಲ್ಕರಲ್ಲೂ ಅಂಗೈ ಇಲ್ಲ, ಅವಳು ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ತನ್ನ ಕೈಯನ್ನೇ ನೋಡುತ್ತ ಕೂತುಬಿಟ್ಟಿದ್ದಳು, ಆಮೇಲೆ ಎಚ್ಚರಾಗಿ ಹತ್ತಿರದ ಒಂದು ಉತ್ತರಕ್ಕೆ ವೃತ್ತ ತುಂಬಿದಳು, ತುಂಬಿದ ಪೆನ್ಸಿಲೂ ಮ್ಯಾಮ್ ಚಾಕುವಿನಲ್ಲಿ ಕೆತ್ತಿಕೊಟ್ಟದ್ದೇ, ಮೂರು ಪೆನ್ಸಿಲು, ಪೂಜೆಯಲ್ಲಿ ಪಾದ್ರಿ ತೀರ್ಥ ಚಿಮುಕಿಸಿದವು, ಒಂದು ನಿಂಗೆ, ಒಂದು ಮುರಿದುಹೋದ್ರೆ ಅಂತ, ಮೂರನೇದು ಪಕ್ಕದೋಳಿಗೆ, ಭಯಕ್ಕೆ ಪೆನ್ಸಿಲ್ ಮರೆತು ಬರೋಳು ಒಬ್ಬಳಾದ್ರೂ ಇರ್ತಾಳೆ — ಇದ್ದಳು, ಹಸಿರು ರಿಬ್ಬನ್ ಕಟ್ಟಿದ ಹುಡುಗಿ, ಪೆನ್ಸಿಲ್ ತಗೊಂಡು ಅತ್ತೇಬಿಟ್ಟಳು. ಮ್ಯಾಮ್‌ಗೆ ಹೇಗೆ ಗೊತ್ತು, ಗೊತ್ತಿರದೆ ಏನು, ಮೂರು ಸಲ ಅದೇ ಪರೀಕ್ಷೆಗೆ ಕೂತು ಬಂದವರು, ಎಪ್ಪತ್ತೈದು ಬೇಕಿತ್ತು, ಮೂರನೆಯ ಸಲ ಎಪ್ಪತ್ತನಾಲ್ಕು ಪಾಯಿಂಟ್ ಆರು, ಆ ಪಾಯಿಂಟ್ ನಾಲ್ಕು ನಮ್ಮನೇಲೇ ಇದೆ ಕಣ್ರೇ, ನನ್ನ ಜೊತೇಲೇ ಊಟ ಮಾಡುತ್ತೆ, ಪಾತ್ರೆ ಮಾತ್ರ ತೊಳೆಯಲ್ಲ, ಅಂತ ಊರೆಲ್ಲ ನಗಿಸಿದವರು. ನಗದಿದ್ದದ್ದು ಜೋವೆಲಿನ್ ಒಬ್ಬಳೇ, ಆಗ ಅವಳಿಗೆ ಹನ್ನೊಂದು, ಆ ಪಾಯಿಂಟ್ ನಾಲ್ಕು ತಟ್ಟೆ ಮುಂದೆ ಕೂತದ್ದು ಅವಳ ಕಣ್ಣಿಗೆ ನಿಜವಾಗಿ ಕಂಡಿತ್ತು.

ದೋಣಿ ತಿರುಗಿತು, ಬಾಗಾಕಾಯ್ ಚರ್ಚಿನ ಶಿಲುಬೆ ಕಾಣಿಸಿತು, ಅದರ ಪಕ್ಕದ ತಗಡಿನ ಚಪ್ಪರ, ಈಸ್ಟರಿಗೆ ಮುಂಚಿನ ತಪಸ್ಸುಕಾಲ ಮುಗಿಯುವ ಕೊನೆಯ ವಾರ ಅಲ್ಲೇ ಪಾಸ್ಯೋನ್ ಹಾಡುವುದು, ಪ್ರಭುವಿನ ಪಾಡು ಮೊದಲಿಂದ ಕೊನೆಯವರೆಗೆ, ಪದ್ಯ ಪದ್ಯವಾಗಿ, ಒಂದು ಕ್ಷಣ ನಿಲ್ಲದೆ, ಬೆಂಚಿನ ಮೇಲೆ ಇಬ್ಬರು, ಗಂಟಲು ಸೋತವಳು ಅತ್ತ ಜರುಗಬೇಕು, ಹೊಸಬಳು ಇತ್ತಿಂದ ಕೂರಬೇಕು, ಪದ್ಯದ ನಡುವೆಯೇ, ಸಾಲು ನೆಲಕ್ಕೆ ಬೀಳಬಾರದು, ಮ್ಯಾಮ್ ಶುಂಠಿ ಕಷಾಯ ಕುಡಿಯುತ್ತ ಪಕ್ಕದಲ್ಲೇ ಕಾದಿರುತ್ತಿದ್ದರು, ಯಾರ ದನಿ ಬಿರುಕುಬಿಟ್ಟರೂ ಅವರ ದನಿ ಆ ಬಿರುಕಿನೊಳಗೆ ಹೋಗಿ ಕೂರುತ್ತಿತ್ತು, ಕೇಳುವವರಿಗೆ ಎಲ್ಲಿ ಒಬ್ಬಳು ಮುಗಿದು ಇನ್ನೊಬ್ಬಳು ಶುರುವಾದಳೆಂದೇ ತಿಳಿಯದು, ಮ್ಯಾಮ್ ತೊಡೆಗೆ ಒರಗಿ ಜೋವೆಲಿನ್ ಕೇಳಿದ್ದಾಳೆ, ಪುಸ್ತಕದ ಸಾಲಿನ ಕೆಳಗೆ ಅವರ ಬೆರಳು ಹರಿಯುವುದನ್ನು ನೋಡುತ್ತ ನೋಡುತ್ತಲೇ ಓದಲು ಕಲಿತಿದ್ದಾಳೆ, ಮ್ಯಾಮ್, ನೀವ್ಯಾಕೆ ಮೊದಲೇ ಕೂರಲ್ಲ, ಅಂತ ಕೇಳಿದ್ದಾಳೆ, ಮೊದಲು ಕೂರೋರು ಬೇಕಾದಷ್ಟು ಜನ ಇದಾರೆ, ನಡುವೆ ಹಿಡ್ಕೊಳ್ಳೋರು ಬೇಕು. ಮಾಂಗ್ ಕಾರ್ದಿಂಗ್ ಲಂಗರು ಎಸೆದರು, ಏನಮ್ಮಾ ಲೈಸೆನ್ಸು, ಇನ್ಮೇಲೆ ನಮ್ಮನ್ನೂ ಬೆಂಚ್ ಮೇಲೆ ನಿಲ್ಲಿಸ್ತೀಯಾ? ಎಂದರು, ಅವಳು ನಕ್ಕಳೋ ಇಲ್ಲವೋ, ಮರಳಿನಲ್ಲಿ ಚಪ್ಪಲಿ ಕೈಗೆ ತೆಗೆದುಕೊಂಡು ನಡೆದಳು, ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಳ್ಳುತ್ತ, ಮ್ಯಾಮ್, ಈ ಕಾಗದ ನಾಳೆ ಆಫೀಸಿಗೆ ಕೊಡ್ತೀನಿ, ಹುದ್ದೆ ಖಾಲಿ ಉಳಿಯುತ್ತೆ, ನೀವು ಇಲ್ಲೇ ಇರ್ತೀರಿ, ಹೂಂ ಅನ್ನಿ ಸಾಕು, ನೀವು ಹೂಂ ಅನ್ನದೆ ನಾನು ಕೊಡಲ್ಲ.

ಮಕ್ಕಳು ಆಗಷ್ಟೇ ಹೋಗಿದ್ದರು, ಕೋಣೆಯ ತುಂಬ ಬೆವರು, ಸಿಪ್ಪೆ ಸುಲಿದ ಬಾಳೆಹಣ್ಣು, ಪೆನ್ಸಿಲ್ ಹೊಟ್ಟಿನ ವಾಸನೆ, ಹದಿನೆಂಟು ವರ್ಷದ ಹಿಂದಿನದೇ ವಾಸನೆ, ಮ್ಯಾಮ್ ಹಲಗೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದರು, ಬೆನ್ನು ಸ್ವಲ್ಪ ಬಾಗಿದೆ, ಯಾವಾಗ ಬಾಗಿತು, ಬಂದ್ಯಾ ಜೋವಿ, ಕಾರ್ಡ್ ತೋರಿಸು ಎಲ್ಲಿ, ಅಯ್ಯೋ ಕೋಳಿ ಕಳ್ಳಿ! — ಅಮ್ಮ ಆಗಲೇ ಹೇಳಿ ಹೋಗಿದ್ದಾಳೆ — ಕಾರ್ಡನ್ನು ಎಡಗೈಯಲ್ಲಿ ಹಿಡಿದು ಕಣ್ಣಿಗೆ ಹತ್ತಿರ ತಂದು ಓದಿದರು, ಅಕ್ಷರ ಅಕ್ಷರ ಓದಿದರು, ಪಾಸ್ಯೋನಿನ ಪದ್ಯ ಓದುವ ಹಾಗೆ ತುಟಿ ಅಲುಗುತ್ತಿತ್ತು, ಓದಿ ಮುಗಿಸಿ ಕಾರ್ಡಿಗೆ ಮುತ್ತಿಟ್ಟು ಕೊಟ್ಟರು, ಆ ಮುಖದಲ್ಲಿ ಹುಡುಕಿದಳು ಅವಳು, ಎಲ್ಲಾದರೂ ಆ ಪಾಯಿಂಟ್ ನಾಲ್ಕು ಕೂತಿದೆಯಾ, ಕೂತಿರಲಿಲ್ಲ, ಬೆಳಕೇ ಇತ್ತು. ಕಾಗದ ಕೊಟ್ಟಳು. ಬಾಯಿಪಾಠವೆಲ್ಲ ಮರೆತು ಹೂಂ ಅನ್ನಿ ಮ್ಯಾಮ್ ಅಂತಷ್ಟೇ ಬಂತು. ಅವರು ಅದನ್ನೂ ಓದಿದರು, ಹದಿನಾಲ್ಕು ಸಾಲು, ಮೇಜಿನ ಮೇಲಿನ ಕೆಂಪು ಪೆನ್ನು ತಗೊಂಡು ಎರಡು ಕಡೆ ಗುರುತು ಹಾಕಿದರು, ಚೆನ್ನಾಗಿ ಬರ್ದಿದೀಯ, ಕಾಗುಣಿತ ಎರಡು ಕಡೆ ತಪ್ಪಿದೆ, ನಾಲ್ಕಾಗಿ ಮಡಿಸಿ ಅವಳ ಚೀಲಕ್ಕೇ ಹಾಕಿದರು. ಮ್ಯಾಮ್, ನೀವು ಎಲ್ಲಿಗೆ ಹೋಗ್ತೀರಿ, ಇವರನ್ನೆಲ್ಲ ಬಿಟ್ಟು. ಹೋಗೋದೆಲ್ಲಿಗೆ, ಚಪ್ಪರ ಪಕ್ಕದಲ್ಲೇ ಇದೆಯಲ್ಲ, ನಿನ್ನ ಗಂಟಲು ಬಿದ್ದ ದಿನ ಹೇಳಿಕಳಿಸು. ದಯವಿಟ್ಟು ಮ್ಯಾಮ್, ಇದೊಂದು ವರ್ಷ. ಬದಲಿ ಅಂದ್ರೆ ಏನು ಹೇಳು? — ಪಾಠ ಕೇಳುವ ದನಿಯಲ್ಲೇ ಕೇಳಿ ಅವರೇ ಹೇಳಿದರು, ಬರಬೇಕಾದೋರು ಬರೋವರೆಗೂ. ನೀನು ಬಂದೆ. ಮ್ಯಾಮ್, ನಿಮ್ಮ ಕಾಲಿಗೆ ಬೀಳ್ತೀನಿ, ಅವಳು ಮೊಣಕಾಲು ಬಗ್ಗಿಸುವಷ್ಟರಲ್ಲಿ ಅವರ ಬಲಗೈ ಮೇಲೆದ್ದು ಅಡ್ಡ ಬಂತು, ಇಲ್ಲ ಜೋವೆಲಿನ್, ಆಗಲ್ಲ ಅಂದ್ರೆ ಆಗಲ್ಲ, ಮುಖದ ಮುಂದೆ ಆ ಕೈ, ಇಡೀ ಮಧ್ಯಾಹ್ನದ ಬಿಳಿ ಮೆತ್ತಿದ ಅಂಗೈ, ಅದರ ನಡುವೆ ಇವತ್ತು ಯಾವುದೋ ಮಗು ತಿರುವಿ ಬರೆದ ಒಂದು ಜೆ, ಅಂಗೈಯಲ್ಲಿ ಸರಿಯಾಗಿ, ಕೊಕ್ಕೆ ಎಡಕ್ಕೆ —