ಜಪಾನಿಗೊಂದು ಸಂಕಲ್ಪ

ಪದ್ಮನಾಭನಗರದ ಸಹಸ್ರನಾಮ ಮಂಡಳಿಗೆ ಒಂದು ಪದ್ಧತಿ ಇದೆ. ಶನಿವಾರ ಸಂಜೆ ಯಾರ ಮನೆಯಲ್ಲಿ ಪಾರಾಯಣವೋ ಆ ಮನೆಯಾಕೆಯೇ ಯಾರ ಒಳಿತಿಗಾಗಿ ಓದಬೇಕೆಂದು ಹೇಳಬೇಕು. ಮಳೆಗಾಗಿ ಓದಿದ್ದಾಗಿತ್ತು, ಯುದ್ಧ ನಿಲ್ಲಲೆಂದು ಓದಿದ್ದಾಗಿತ್ತು, ವಿಜಯಲಕ್ಷ್ಮಿಯ ಮಂಡಿ ಆಪರೇಷನ್ನಿಗಂತೂ ಎಡಕ್ಕೊಂದು ಬಲಕ್ಕೊಂದು ಸಲ ಓದಿದ್ದಾಗಿತ್ತು. ಈ ವಾರದ ಸರದಿ ಅಲಮೇಲುವಿನದು. ಅವಳು ಜಪಾನಿಗಾಗಿ ಓದೋಣ ಎಂದಳು.

"ಯಾಕ್ರೀ, ಮತ್ತೆ ಭೂಕಂಪ ಆಯ್ತಾ?" ಎಂದಳು ವಿಜಯಲಕ್ಷ್ಮಿ, ಪುಸ್ತಕ ತೆರೆಯುತ್ತಾ.

"ಭೂಕಂಪ ಅಲ್ಲ. ಅಲ್ಲಿ ಲಕ್ಷಾಂತರ ಹುಡುಗರು ರೂಮಿನ ಬಾಗಿಲು ಹಾಕ್ಕೊಂಡು ಒಳಗೇ ಕೂತ್ಬಿಟ್ಟಿದಾರಂತೆ, ವರ್ಷಗಟ್ಲೆ. ಕೆಲಸ ಇಲ್ಲ, ಸ್ನೇಹಿತರಿಲ್ಲ, ಮನೆಯವರ ಹತ್ರಾನೂ ಮಾತಿಲ್ಲ. ಪೇಪರ್‌ನಲ್ಲಿ ಬಂದಿತ್ತು."

ಪೇಪರಿನಲ್ಲಿ ಇನ್ನೂ ಒಂದು ಸಾಲಿತ್ತು. ತಾಯಂದಿರು ಊಟದ ತಟ್ಟೆಯನ್ನು ಬಾಗಿಲ ಹೊರಗಿಟ್ಟು ಹೋಗುತ್ತಾರೆ, ಆಮೇಲೆ ಬಂದು ಖಾಲಿ ತಟ್ಟೆ ತೆಗೆದುಕೊಳ್ಳುತ್ತಾರೆ ಎಂದು. ಅದನ್ನು ಓದಿದ ದಿನ ಅಲಮೇಲುವಿನ ಕಾಫಿ ಲೋಟದಲ್ಲೇ ಆರಿಹೋಗಿತ್ತು. ಅವಳ ಮಗ ಸುಶ್ರುತನ ಬಾಗಿಲ ಹೊರಗೂ ಹಾಗೇ ಒಂದು ತಟ್ಟೆ ಇತ್ತು.

ಸುಶ್ರುತ ಮನೆಗಳ ನಕ್ಷೆ ಹಾಕುವ ಆಫೀಸೊಂದರಲ್ಲಿದ್ದ. ಕೆಲಸ ಹೋಯಿತು. ನಾಲ್ಕು ದಿನ ರೆಸ್ಟ್ ಮಾಡ್ತೀನಿ ಎಂದು ಒಳಗೆ ಹೋದವನು ಎರಡು ವರ್ಷವಾಗುತ್ತಾ ಬಂದರೂ ರೆಸ್ಟ್ ಮುಗಿಸಿರಲಿಲ್ಲ. ಎಲ್ಲರೂ ಮಲಗಿದ ಮೇಲೆ ಸ್ನಾನ, ಬಾಗಿಲ ಬಳಿ ಊಟ, ಮೊಬೈಲಿನಲ್ಲಿ 'ಸಾಕು', 'ಬೇಡ' ಎಂಬ ಮೆಸೇಜು. ಗದರಿ ನೋಡಿದಳು, ಅತ್ತು ನೋಡಿದಳು, ಮಗಳು ಸುರಭಿಯಿಂದ ಫೋನ್ ಮಾಡಿಸಿ ನೋಡಿದಳು. ಡಾಕ್ಟರ ಹತ್ತಿರ ಹೋಗೋಣ ಎಂದರೆ ಅವಳ ಗಂಡ ಬದರಿನಾಥನಿಗೆ ಸಿಟ್ಟು: "ನಾಳೆ ಯಾರು ಹೆಣ್ಣು ಕೊಡ್ತಾರೆ?" ಹೆಣ್ಣು ಬಂದರೂ ಕೂರುವುದೆಲ್ಲಿ, ಬಾಗಿಲ ಹೊರಗೆ ತಟ್ಟೆಯ ಪಕ್ಕದಲ್ಲೇ?

ಕೇಳಿದವರಿಗೆಲ್ಲ ಹೇಳಲು ಬದರಿನಾಥ ಒಂದು ಸುಳ್ಳು ಕಟ್ಟಿದ್ದ. ಮಗನಿಗೆ ಮನೆಯಿಂದಲೇ ಕೆಲಸ, ಕಂಪನಿ ಜಪಾನಿನದು, ಅಲ್ಲಿ ಬೇಗ ಬೆಳಗಾಗುತ್ತದೆ, ಅದಕ್ಕೇ ಅವನ ರೂಮಿನ ಲೈಟು ನಸುಕಿಗೇ ಉರಿಯುತ್ತದೆ. ಬೇರೆ ದೇಶ ಸಿಗಲಿಲ್ಲವೇ ಎಂದು ಅಲಮೇಲು ಇವತ್ತು ಹಲ್ಲು ಕಚ್ಚಿಕೊಂಡು ಕೂತಿದ್ದಳು. ಮಗನ ಹೆಸರೆತ್ತಿ ಬೇಡಿಕೊಳ್ಳುವ ಹಾಗಿಲ್ಲ, ಗಂಡನ ಮರ್ಯಾದೆ ಹೋಗುತ್ತದೆ. ಜಪಾನಿನವರಿಗೆಲ್ಲ ಒಟ್ಟಿಗೆ ಬೇಡಿಕೊಂಡರೆ ಅದರಲ್ಲಿ ಇವನಿಗೂ ಒಂದಿಷ್ಟು ಸಿಕ್ಕೀತು ಎಂಬುದು ಅವಳ ಲೆಕ್ಕ.

ಆದರೆ ಮಂಡಳಿಯೆಂದರೆ ಮಂಡಳಿ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರೆ ಅದು ಮಂಡಳಿ ಹೇಗಾದೀತು?

"ಅವರಿಗೇನು ಕಷ್ಟ, ಅಷ್ಟು ಚೆನ್ನಾಗಿ ಟ್ರೈನ್ ಓಡ್ಸ್ತಾರೆ," ಎಂದರು ಒಬ್ಬರು. "ಅಪ್ಪ ಅಮ್ಮ ಮುದ್ದು ಜಾಸ್ತಿ ಮಾಡಿರ್ತಾರೆ," ಎಂದರು ಇನ್ನೊಬ್ಬರು. "ಎರಡು ದಿನ ಊಟ ಕೊಡದೆ ಇದ್ರೆ ತಾನಾಗೇ ಬರ್ತಾನೆ ಆಚೆ," ಎಂದಳು ವಿಜಯಲಕ್ಷ್ಮಿ. ಅಲಮೇಲುವಿಗೆ ಮೈಯೆಲ್ಲ ಉರಿಯಿತು. ಊಟ ಕೊಡದೆಯೂ ನೋಡಿದ್ದಳು. ಅವನು ಬರಲಿಲ್ಲ, ಅವಳೇ ಸೋತು ತಟ್ಟೆ ಹಿಡಿದು ಹೋಗಿದ್ದಳು.

ಸಂಕಲ್ಪ ಹೇಳಿಸುವವರು ಸೇತುರಾಮ. ಟೆಲಿಫೋನ್ ಇಲಾಖೆಯಲ್ಲಿದ್ದು ನಿವೃತ್ತರಾದವರು, ನಂಬರು ತಪ್ಪಿದರೆ ಕರೆ ತಲುಪುವುದಿಲ್ಲ ಎಂಬ ನಂಬಿಕೆಯನ್ನು ದೇವರ ವಿಷಯಕ್ಕೂ ತಂದುಕೊಂಡಿದ್ದರು. "ದೇಶಕ್ಕೆಲ್ಲ ಅಂತ ಹೇಳಿದ್ರೆ ಆಗಲ್ಲಮ್ಮ. ಗೋತ್ರ, ನಕ್ಷತ್ರ, ಹೆಸರು ಬೇಕು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಅಂತ ಇದೆ, ಅದನ್ನೇ ಹಾಕೋಣ. ಆದ್ರೆ ಹೆಸರು? ಒಬ್ಬನದ್ದಾದ್ರೂ ಹೆಸರು ಬೇಕು."

"ಸುಜುಕಿ ಅಂತ ಇಟ್ಕೊಳ್ಳಿ," ಎಂದು ಯಾರೋ ಅಂದರು. ಹಾಲ್ ತುಂಬಾ ನಗು. ಬದರಿನಾಥನೂ ನಕ್ಕ. ಆ ನಗು ಕಂಡು ಅಲಮೇಲುವಿಗೆ ಕೈಯಲ್ಲಿದ್ದ ಗಂಟೆಯನ್ನು ಅವನ ಕಡೆಗೇ ಎಸೆಯಬೇಕೆನಿಸಿತು.

"ಅಯ್ಯೋ, ಮನೇಲೇ ಇಟ್ಕೊಂಡು ನಾವು ಹುಡುಕ್ತಿದೀವಲ್ಲ!" ವಿಜಯಲಕ್ಷ್ಮಿ ರಿಪೇರಿಯಾದ ಮಂಡಿಯ ಮೇಲೆ ಕೈಯೂರಿ ಎದ್ದಳು. "ಸುಶ್ರುತ ಜಪಾನ್ ಕಂಪನೀಲೇ ಅಲ್ವಾ ಕೆಲಸ ಮಾಡೋದು? ಅವನನ್ನೇ ಕೇಳಿದ್ರೆ ಆಯ್ತು, ಆಫೀಸಲ್ಲಿ ಯಾವನಾದ್ರೂ ಅಂಥವನು ಇದ್ದೇ ಇರ್ತಾನೆ."

"ಮೀಟಿಂಗ್‌ನಲ್ಲಿದಾನೆ, ಮೀಟಿಂಗ್‌ನಲ್ಲಿದಾನೆ!" ಎಂದು ಬದರಿನಾಥ ಧಡಕ್ಕನೆ ಎದ್ದ.

"ಶನಿವಾರ ಸಂಜೆ ಎಂಥ ಮೀಟಿಂಗು?" ವಿಜಯಲಕ್ಷ್ಮಿ ಆಗಲೇ ರೂಮಿನ ಬಾಗಿಲು ತಟ್ಟಿದ್ದಳು. "ಸುಶ್ರುತ, ಒಂದ್ನಿಮಿಷ ಬಾ ಪುಟ್ಟ. ಒಂದು ಜಪಾನ್ ಹೆಸರು ಹೇಳು, ಸಾಕು."

ಒಳಗೆ ಫ್ಯಾನು ತಿರುಗುತ್ತಿತ್ತು. ಅವಳು ಇನ್ನೊಮ್ಮೆ ತಟ್ಟಿದಳು. ಕಾಲಿಗೆ ಏನೋ ತಾಗಿ ಟಣ್ ಎಂದಿತು. ಬಗ್ಗಿ ನೋಡಿದರೆ ಮಧ್ಯಾಹ್ನದ ತಟ್ಟೆ. ಒಂದಿಷ್ಟು ಒಣಗಿದ ಅನ್ನ, ಮುಟ್ಟದ ಹಪ್ಪಳ. ವಿಜಯಲಕ್ಷ್ಮಿ ತಟ್ಟೆಯನ್ನು ನೋಡಿದಳು, ಬಾಗಿಲನ್ನು ನೋಡಿದಳು. ಎತ್ತಿದ ಕೈ ಹಾಗೇ ಕೆಳಗಿಳಿಯಿತು.

"ನಾನ್ ಹೇಳ್ತೀನಿ ಹೆಸರು," ಎಂದಳು ಅಲಮೇಲು.

"ಅಲಮೇಲು, ಸುಮ್ನಿರು," ಎಂದ ಬದರಿನಾಥ.

"ಸಾಕಾಯ್ತು ರೀ ಸುಮ್ನಿದ್ದು! ನನ್ನ ಮಗನಿಗೆ ಅಂತ ದೇವರ ಹತ್ರ ಕೇಳೋಕೂ ಜಪಾನ್ ಸುತ್ಕೊಂಡು ಬರ್ಬೇಕಾ ನಾನು?" ಅವಳ ದನಿ ಎತ್ತರಕ್ಕೆ ಹೋಗಿತ್ತು. ಒಳಗಿರುವವನಿಗೆ ಕೇಳಿಸಲಿ ಎಂದೇ ಹೋಗಿತ್ತು. "ಬರ್ಕೊಳ್ಳಿ ಸೇತುರಾಮ್ ಅವರೇ. ಶ್ರೀವತ್ಸ ಗೋತ್ರ. ಸುಶ್ರುತ. ಕೆಲಸಾನೂ ಇಲ್ಲ, ಕಂಪನೀನೂ ಇಲ್ಲ. ಎರಡು ವರ್ಷದಿಂದ ಆ ಬಾಗಿಲು ಹಾಕ್ಕೊಂಡು ಒಳಗಿದಾನೆ. ಜಪಾನಲ್ಲಿ ಅಂಥವರು ಲಕ್ಷಾಂತರ ಇದಾರಂತೆ, ಅವರಿಗೂ ಸೇರ್ಸಿ ಹೇಳಿ. ಅವರ ಅಮ್ಮಂದಿರಿಗೂ ಹೇಳಿ."

ಯಾರೂ ನಗಲಿಲ್ಲ. ಸೇತುರಾಮ ಅಕ್ಷತೆ ಕೈಗೆತ್ತಿಕೊಂಡರು. "ನಕ್ಷತ್ರ?" ಎಂದರು ಮೆಲ್ಲಗೆ.

ಅಲಮೇಲುವಿಗೆ ಬಾಯಿ ತೆರೆದರೆ ಅಳು ಬರುತ್ತಿತ್ತು. ಎಲ್ಲರ ಕಣ್ಣು ಬದರಿನಾಥನ ಕಡೆಗೆ ಹೊರಳಿತು. ಮಗ ಕೆಲಸದಲ್ಲಿದ್ದಾನೆಂಬ ಸುಳ್ಳನ್ನೇ ಇಷ್ಟು ದಿನ ಸಾಕಿದ್ದ ಆ ಮನುಷ್ಯ ಚಾಪೆಯ ಮೇಲೆ ಕುಸಿದು ಕೂತು, ಕನ್ನಡಕ ತೆಗೆದ.

"ಸ್ವಾತಿ," ಎಂದ.

"ಶ್ರೀವತ್ಸ ಗೋತ್ರೋದ್ಭವಸ್ಯ, ಸ್ವಾತಿ ನಕ್ಷತ್ರೇ ಜಾತಸ್ಯ..." ಸೇತುರಾಮ ಶುರು ಮಾಡಿದರು.

"ಸ್ವಾತಿ ಸುರಭಿ ಅಕ್ಕನ ನಕ್ಷತ್ರ, ಅಪ್ಪ." ಬಾಗಿಲ ಹಿಂದಿನಿಂದ ಬಂದ ದನಿ ಬಳಕೆಯಿಲ್ಲದೆ ಒಡೆದಿತ್ತು. "ನಂದು ವಿಶಾಖ."

ಅಲಮೇಲುವಿಗೆ ಮೊದಲು ಬಂದದ್ದು ಸಂತೋಷವಲ್ಲ, ಕೋಪ. ಎರಡು ವರ್ಷ ಗೋಗರೆದರೂ ಬಿಚ್ಚದ ಬಾಯಿ ಅಪ್ಪನ ತಪ್ಪು ತಿದ್ದಲು ಬಿಚ್ಚಿತೇ! ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ವಿಜಯಲಕ್ಷ್ಮಿ ಬಂದು ಪಕ್ಕದಲ್ಲಿ ಕೂತು, ತನ್ನ ಪುಸ್ತಕವನ್ನೇ ಇಬ್ಬರ ನಡುವೆ ಹಿಡಿದಳು. ಸೇತುರಾಮ ಗಂಟಲು ಸರಿಪಡಿಸಿಕೊಂಡು ಮೊದಲಿನಿಂದ ಹೇಳಿದರು: ಶ್ರೀವತ್ಸ ಗೋತ್ರ, ವಿಶಾಖಾ ನಕ್ಷತ್ರ, ಸುಶ್ರುತ, ಮತ್ತು ಜಪಾನ್ ದೇಶದ ಸಮಸ್ತ ಮಕ್ಕಳು, ತಾಯಂದಿರು.

ಪಾರಾಯಣ ಮುಗಿದರೂ ಬಾಗಿಲು ತೆರೆಯಲಿಲ್ಲ. ಅಲಮೇಲು ಪುಳಿಯೋಗರೆ, ಕೋಸಂಬರಿ ಬಡಿಸಿದಳು. ಮಗನಿಗೂ ಬಡಿಸಿದ ತಟ್ಟೆಯನ್ನು ಹಿಡಿದು ಅಭ್ಯಾಸಬಲದಿಂದ ರೂಮಿನ ಕಡೆ ನಾಲ್ಕು ಹೆಜ್ಜೆ ಹೋದವಳು ನಿಂತಳು. ತಿರುಗಿ ಬಂದು ಹಾಲಿನಲ್ಲಿ, ಎಲ್ಲರ ಸಾಲಿನಲ್ಲೇ ಅದನ್ನಿಟ್ಟಳು.

"ನಿಂದು ಇಲ್ಲಿಟ್ಟಿದೀನಿ ಸುಶ್ರುತ," ಎಂದು ಕೂಗಿದಳು. "ಇನ್ಮೇಲೆ ಅಲ್ಲಿಗೆ ತರಲ್ಲ."

ಮಾಮೂಲಿಯಾಗಿ ಆಟೋ ಸಿಗಲ್ಲ ಎಂದು ಬೇಗ ಏಳುವವರು ಇವತ್ತು ಯಾರೂ ಏಳಲಿಲ್ಲ. ಬದರಿನಾಥ ತನ್ನ ತಟ್ಟೆಯನ್ನೆತ್ತಿಕೊಂಡು ಸ್ವಲ್ಪ ಸರಿದು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟ.