ಬರಿ ಕಲ್ಲಿಗೆ ಕಾವು

ಪಕ್ಷಿವೀಕ್ಷಕರ ಸಂಘದ ಅಧ್ಯಕ್ಷರು ಹೆಂಡತಿಯನ್ನು ಕಡಲಂಚಿನ ಬಂಡೆಗಳಿಗೆ ಕರೆತಂದದ್ದು ಪ್ರೀತಿ ಉಕ್ಕಿ ಅಲ್ಲ. ಮಡಚುವ ಕುರ್ಚಿ, ಕ್ಯಾಮೆರಾ ಸ್ಟ್ಯಾಂಡು, ಫ್ಲಾಸ್ಕು ಹೊರುವುದಕ್ಕೆ ಒಬ್ಬರು ಬೇಕಿತ್ತಲ್ಲ, ಅದಕ್ಕೆ.

"ಅಲ್ನೋಡೇ! ಕಾವು ಕೂತಿದೆ!"

ಮೈಯೆಲ್ಲ ಕಪ್ಪು, ಕೊಕ್ಕು ಮಾತ್ರ ಕೆಂಡದಂತೆ ಕೆಂಪು. ಬಂಡೆಗಂಟಿದ ಚಿಪ್ಪುಗಳನ್ನು ಮೀಟಿ ತಿನ್ನುವ ಹಕ್ಕಿ. ಗೂಡು ಸಿಕ್ಕಿತೆಂದು ಅಧ್ಯಕ್ಷರು ಆಗಲೇ ಇಡೀ ಸಂಘಕ್ಕೆ ಫೋನು ಹಚ್ಚಿಬಿಟ್ಟರು.

ಹೆಂಡತಿ ಕಣ್ಣು ಕಿರಿದು ಮಾಡಿ ನೋಡಿದಳು. ಆ ಕೂರುವ ಗತ್ತು ಎಲ್ಲೋ ಕಂಡದ್ದೇ. ಎದೆಯುಬ್ಬಿಸಿಕೊಂಡು, ಲೋಕದ ಭಾರವೆಲ್ಲ ತನ್ನದೇ ಎಂಬಂತೆ, ಮಾಡುವುದಕ್ಕೆ ಮಾತ್ರ ಏನೂ ಇಲ್ಲದೆ! ನಿವೃತ್ತಿಯಾಗುವವರೆಗೆ ಯಜಮಾನರು ಕಚೇರಿಯಲ್ಲಿ ಕೂತಿದ್ದದ್ದು ಹೀಗೆಯೇ.

"ರೀ, ಅದು ಬರೀ ನಾಟಕ. ಅದರ ಕೆಳಗೆ ಏನೂ ಇಲ್ಲ. ನಮ್ಮನ್ನ ಯಾಮಾರಿಸ್ತಿದೆ."

"ಹೂಂ, ಹಕ್ಕಿನೇ ಬಂದು ನಿನಗೆ ಹೇಳ್ತೇನೋ! ಸುಮ್ನೆ ಫ್ಲಾಸ್ಕಿನ ಮುಚ್ಚಳ ಹಾಕು."

ಹಾಕಿದಳು. ಫ್ಲಾಸ್ಕನ್ನು ನೆರಳಿಗಿಡಲು ಬಗ್ಗಿದರೆ, ಕೈಯಳತೆಯ ತಗ್ಗಿನಲ್ಲಿ, ಬೆಣಚುಗಲ್ಲುಗಳ ನಡುವೆ ಎರಡು ಚುಕ್ಕೆ ಮೊಟ್ಟೆ. ಕಲ್ಲೋ ಮೊಟ್ಟೆಯೋ ತಿಳಿಯದ ಹಾಗಿದ್ದವು. ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಹೇಳಿದರೆ ಸಂಘದವರೆಲ್ಲ ಬೂಟುಗಾಲಲ್ಲಿ ಇಲ್ಲಿಗೇ ಮುಗಿಬೀಳುತ್ತಾರೆ.

ಅಷ್ಟರಲ್ಲಿ ಅವರೂ ಬಂದರು. ಹಕ್ಕಿ ಎದ್ದು ಹಾರಿತು. ಕೆಳಗೆ ಬರಿ ಕಲ್ಲು.

"ಏನ್ ಅಧ್ಯಕ್ಷರೇ," ಸಂಘದ ಖಜಾಂಚಿ ಹಲ್ಲು ಕಿಸಿದ, "ಮೊಟ್ಟೆ ನಿಮ್ಮ ಭಾಷಣ ಕೇಳೋಕಾಗದೆ ಎದ್ದು ಹೋಯ್ತಾ?"

ಅಧ್ಯಕ್ಷರ ಮುಖ ಹಕ್ಕಿಯ ಕೊಕ್ಕಿಗಿಂತ ಕೆಂಪಾಯಿತು. "ಇಲ್ಲೇ ಎಲ್ಲೋ ಇದೆ! ಒಂದು ಕಲ್ಲೂ ಬಿಡ್ಬೇಡಿ, ಹುಡುಕಿ!"

ಬೂಟುಗಳು ಟಕಟಕನೆ ತಗ್ಗಿನ ಕಡೆಗೇ ಬಂದವು. ಹಕ್ಕಿ ತಲೆಯ ಮೇಲೆ ಸುತ್ತುತ್ತ ಕಿರುಚಿತು. ನಿನ್ನ ಆಟ ಮುಗಿಯಿತು ತಾಯಿ, ಇನ್ನು ನನ್ನದು ನೋಡು, ಎಂದುಕೊಂಡು ಆಕೆ ನಾಲ್ಕು ಹೆಜ್ಜೆ ಆಚೆ ಹೋಗಿ ಧೊಪ್ಪನೆ ಕುಸಿದಳು.

"ಅಯ್ಯಯ್ಯೋ, ಸತ್ತೆ! ಕಾಲು ಉಳುಕ್ತು!"

ಹುಡುಕಾಟ ಅಲ್ಲಿಗೇ ನಿಂತಿತು. ಒಬ್ಬ ನೀವಬೇಕೆಂದ, ಇನ್ನೊಬ್ಬ ಮುಟ್ಟಲೇಬಾರದೆಂದ. ಖಜಾಂಚಿ ತನ್ನ ಅತ್ತೆಯ ಮುರಿದ ಸೊಂಟದ ಕಥೆ ತೆಗೆದ. ಆಕೆ ನರಳುತ್ತ, ಕುಂಟುತ್ತ ರಸ್ತೆಯ ಕಡೆಗೆ ನಡೆದಂತೆ ಇಡೀ ಸಂಘ ಹಿಂದೆಯೇ ಸಾಗಿತು.

"ನೋಡ್ಕೊಂಡು ನಡಿಯೋಕಾಗಲ್ವಾ?" ಕುರ್ಚಿ, ಸ್ಟ್ಯಾಂಡುಗಳನ್ನು ತಾವೇ ಹೊತ್ತು ಏದುಸಿರು ಬಿಡುತ್ತಿದ್ದ ಅಧ್ಯಕ್ಷರು ಸಿಡುಕಿದರು. "ಕಣ್ಣೆಲ್ಲಿಟ್ಟಿರ್ತೀಯೋ!"

"ನೀವು ಹೇಳೋದು ಸರಿ ಬಿಡ್ರೀ," ಎಂದಳು.

ಬಂಡೆಯ ಮೇಲೆ ಎಡಗಾಲು ಕುಂಟುತ್ತಿದ್ದವಳು ರಸ್ತೆ ಮುಟ್ಟುವಾಗ ಬಲಗಾಲು ಕುಂಟುತ್ತಿದ್ದಳು. ಕೊರಳಿಗೊಂದರಂತೆ ದುರ್ಬೀನು ನೇತುಹಾಕಿಕೊಂಡಿದ್ದ ಆ ಮಹಾ ವೀಕ್ಷಕರಲ್ಲಿ ಒಬ್ಬರಿಗೂ ಅದು ಕಾಣಲಿಲ್ಲ.