ಥಾಣೆಗೆ ಹೋಗಿಬಂದ ಹಲ್ಲು

ಎಡಗೈ ಯಾಕೋ ಹಗುರವಾಗಿದೆ, ಬಲಹೆಗಲಲ್ಲಿ ಕಪ್ಪು ಬ್ಯಾಗು ಇದೆ, ಅದರ ಪಟ್ಟಿ ಎಂದಿನ ಹಾಗೆ ಕುತ್ತಿಗೆ ಕೊರೆಯುತ್ತಿದೆ, ಮೊಬೈಲು ಇದೆ, ಚಪ್ಪಲಿ ಎರಡೂ ಕಾಲಿನಲ್ಲೇ ಇವೆ, ಈ ಹೊತ್ತಿನ ಥಾಣೆ ಲೋಕಲ್ಲಿನಿಂದ ಇಷ್ಟು ನೆಟ್ಟಗೆ ಇಳಿದದ್ದೇ ಪುಣ್ಯ, ಉತರೋ ಉತರೋ ಆಗೇ ಬಢೋ, ಬೆನ್ನಿಗೆ ಯಾರದೋ ಮೊಣಕೈ, ನಾನೇ ಇಳಿದೆನೋ ಗಾಡಿಯೇ ಉಗುಳಿತೋ, ಭಾಂಡುಪ್ ಸ್ಟೇಷನ್ನಿನ ವಡಾಪಾವಿನ ವಾಸನೆ ಮೂಗಿಗೆ ಬಡಿದು ಒಂದು ತಿಂದೇ ಹೋಗಲೇ ಅಂದುಕೊಂಡೆ, ಆದರೂ ಎಡಗೈ ಹಗುರ — ಬೆರಳುಗಳು ಏನನ್ನೋ ಹಿಡಿದ ಹಾಗೆಯೇ ಮಡಚಿಕೊಂಡಿವೆ, ಏನನ್ನು, ಗಾಡಿ ಹೊರಟಾಗಿದೆ, ಕಡೆಯ ಡಬ್ಬಿಯ ಕೆಂಪು ದೀಪ ನಹೂರಿನ ಕಡೆ ಸಣ್ಣದಾಗುತ್ತಿದೆ, ಚೀಲ, ಆಯಿಯ ಚೀಲ, ಅಯ್ಯೋ ಶಿವನೇ, ಹಲ್ಲು. ದಾದರಿನಲ್ಲಿ ಹತ್ತುವಾಗ ಎರಡು ಬ್ಯಾಗು ಕೊಟ್ಟಿದ್ದೆ, ಹೆಂಗಸರ ಡಬ್ಬಿಯ ಪದ್ಧತಿಯೇ ಅದು, ನಿಂತವರ ಬ್ಯಾಗುಗಳು ಕೈಯಿಂದ ಕೈಗೆ ಸಾಗಿ ಕಿಟಕಿ ಪಕ್ಕದವಳ ಹತ್ತಿರ ಹೋಗುತ್ತವೆ, ಅವಳು ಮೇಲಿನ ರ‍್ಯಾಕಿಗೆ ತಳ್ಳುತ್ತಾಳೆ ಇಲ್ಲವೇ ಹುಕ್ಕಿಗೆ ಸಿಗಿಸುತ್ತಾಳೆ, ಇಳಿಯುವಾಗ ಬಣ್ಣ ಹೇಳಿ ಕೂಗಬೇಕು, ಬಂದ ದಾರಿಯಲ್ಲೇ ತಲೆಗಳ ಮೇಲಿಂದ ತೇಲಿಕೊಂಡು ಬರುತ್ತದೆ, ನಾನು ಕಾಂಜೂರ್‌ಮಾರ್ಗ್ ದಾಟಿದ ಕೂಡಲೇ ಕೂಗಿದೆ, ಕಾಲಾ ವಾಲಾ ದೇನಾ ಪ್ಲೀಸ್, ಕಾಲಾ ವಾಲಾ ಬಂತು, ಆಯಿಯ ಕೆಂಪಂಚಿನ ಚೀಲಕ್ಕೆ ಕೂಗಲಿಲ್ಲ, ಎರಡು ವರ್ಷದಿಂದ ದಿನಾ ಒಂದೇ ಬ್ಯಾಗಿಗೆ ಕೂಗಿ ಕೂಗಿ ಬಾಯಿಗೆ ಅಷ್ಟೇ ರೂಢಿ.

ಆಯಿ ಅಂದರೆ ಅಪ್ಪನ ಅವ್ವ, ಚನ್ನವ್ವ, ಆಫೀಸಿನಲ್ಲಿ ಆಯಿ ಅಂದಾಗ ಎಲ್ಲರೂ ಮರಾಠಿಯ ಹಾಗೆ ತಾಯಿ ಅಂದುಕೊಳ್ಳುತ್ತಾರೆ, ನಾನು ತಿದ್ದುವುದಿಲ್ಲ, ಅಪ್ಪ ಅವ್ವ ಇಬ್ಬರೂ ಡ್ಯೂಟಿಗೆ ಹೋಗುತ್ತಿದ್ದ ಮನೆಯಲ್ಲಿ ನನ್ನ ಜಡೆ ಹೆಣೆದು ಶಾಲೆಗೆ ಕಳಿಸಿದವಳು ಅವಳೇ. ಅವಳ ಹಳೇ ಕಟ್ಟಿಸಿದ ಹಲ್ಲು ಒಡೆದದ್ದೂ ನಾನೇ. ಸ್ಟೀಲಿನ ವಾಟಿಯಲ್ಲಿ ನೀರು ಹಾಕಿ ಹಲ್ಲಿನ ಸೆಟ್ಟು ಮುಳುಗಿಸಿಟ್ಟು ಅವಳು ಮುಖ ತೊಳೆಯಲು ಹೋಗಿದ್ದಳು, ನನಗೆ ಎಂಟೂ ಹದಿನೆಂಟರ ಲೋಕಲ್ಲಿನ ಅವಸರ, ಕರಿಬೇವಿನ ಕುಂಡಕ್ಕೆ ನೀರು ಹಾಕು ಅಂತ ಅವ್ವ ಒಳಗಿನಿಂದ ಒದರಿದಳು, ಕೈಗೆ ಸಿಕ್ಕ ವಾಟಿ ಎತ್ತಿ ಗ್ರಿಲ್ಲಿನಾಚೆಯ ಕುಂಡಕ್ಕೆ ಸುರಿದೆ, ಮೂರನೇ ಮಾಳಿಗೆಯಿಂದ ಹಲ್ಲು ನೇರ ವಾಚ್‌ಮನ್ನನ ಶೆಡ್ಡಿನ ತಗಡಿನ ಮೇಲೆ, ಠಣ್ ಅಂತ ಸದ್ದು, ಎರಡು ಹೋಳು. ಆದರೆ ಅದಲ್ಲ, ಅದಕ್ಕೆ ಆಯಿ ಸಿಟ್ಟಾಗಲಿಲ್ಲ, ಹೋಗ್ಲಿ ಬಿಡು ಅಂತ ಏನೋ ಅನ್ನಲು ಹೋದಳು, ಹಲ್ಲಿಲ್ಲದ ಬಾಯಿಂದ ಮಾತು ಕಲಸಿದ ಗಂಜಿಯ ಹಾಗೆ ಬಂತು, ತುಟಿಗಳು ಒಳಗೆ ಮಡಚಿಕೊಂಡವು, ನಾನು ನಕ್ಕುಬಿಟ್ಟೆ. ಫಕ್ಕನೆ, ಜೋರಾಗಿ, ಹೊಟ್ಟೆ ಹಿಡಿದುಕೊಂಡು. ಆಯಿ ಸೆರಗಿನ ತುದಿಯನ್ನು ಎರಡು ಬೆರಳಿನಿಂದ ಎತ್ತಿ ಬಾಯಿಗೆ ಮುಚ್ಚಿಕೊಂಡಳು, ಅವತ್ತು ಏರಿದ ಸೆರಗು ಹನ್ನೆರಡು ದಿನವಾದರೂ ಇಳಿದಿಲ್ಲ. ಬಿಲ್ಡಿಂಗಿನ ಕೆಳಗೆ ಮುದುಕಿಯರು ಕೂರುವ ಬೆಂಚಿಗೆ ಹೋಗುವುದಿಲ್ಲ, ವಿಜಯಪುರದಿಂದ ತನ್ನ ತಂಗಿಯ ವೀಡಿಯೊ ಕಾಲ್ ಬಂದರೆ ನಿದ್ದೆ ಬಂದವಳ ಹಾಗೆ ಗೋಡೆಗೆ ತಿರುಗುತ್ತಾಳೆ, ಊಟಕ್ಕೆ ಕೂತರೆ ಹಾಲಿನಲ್ಲಿ ನೆನೆಸಿದ ರೊಟ್ಟಿ ಬಲಗೈಯಲ್ಲಿ, ಸೆರಗು ಎಡಗೈಯಲ್ಲಿ, ಖಡಕ್ ರೊಟ್ಟಿ ಮುರಿದರೆ ಕಟ್ ಅನ್ನೋದು ಮಗ್ಗಲ ಮನೀಗೆ ಕೇಳಬೇಕು ಅನ್ನುತ್ತಿದ್ದವಳು. ಮುಖ್ಯ ನಾನು ಮನೆಗೆ ಬಂದಾಗ — ಬಾಗಿಲು ತೆಗೆದ ಕೂಡಲೇ ಬಂದೀ ಏನ ನನ್ನವ್ವ ಅನ್ನುತ್ತಿದ್ದಳು, ಇಪ್ಪತ್ತನಾಲ್ಕು ವರ್ಷದಲ್ಲಿ ತಪ್ಪಿದ್ದಿಲ್ಲ, ಈಗ ಬರೇ ತಲೆ ಆಡಿಸುತ್ತಾಳೆ, ದಿನವಿಡೀ ಎಲ್ಲರ ಬೈಗುಳ ತಿಂದು ಬಂದವಳಿಗೆ ಆ ಒಂದು ಮಾತು ಎಷ್ಟು ಬೇಕಾಗಿತ್ತು ಅಂತ ಈಗ ಗೊತ್ತಾಗುತ್ತಿದೆ.

ಜ್ಯೋತ್ಸ್ನಕ್ಕ. ದಿನಾ ಜೊತೆಗೆ ಬರುವ ಜ್ಯೋತ್ಸ್ನಕ್ಕ ಅದೇ ಡಬ್ಬಿಯಲ್ಲಿದ್ದಳು, ಮುಲುಂಡಿನಲ್ಲಿ ಇಳಿಯುತ್ತಾಳೆ, ಫೋನು ಮಾಡು, ಎತ್ತುತ್ತಿಲ್ಲ, ಮತ್ತೆ, ಮತ್ತೆ, ಎತ್ತು ಮಾರಾಯ್ತಿ ಎತ್ತು, ಐದಾರು ನಿಮಿಷದ ಮೇಲೆ ಹಲೋ, ಎಂತ ಆಯ್ತು ಸ್ನೇಹಲ್, ನಾನು ಇಳಿದಾಯ್ತಲ್ಲ, ಮುಲುಂಡಿನ ಬ್ರಿಜ್ಜಿನ ಮೇಲಿದ್ದೇನೆ, ಅಯ್ಯೋ ಹಲ್ಲಾ, ಅಜ್ಜಿದಾ, ಅಳ್ಬೇಡ ಅಳ್ಬೇಡ, ಆ ಗಾಡಿಗೆ ಥಾಣೆಯೇ ಕಡೆ ಅಲ್ವಾ, ಅದೇ ಗಾಡಿ ತಿರುಗಿ ಭಾಂಡುಪ್ ಮೇಲೆಯೇ ಸಿಎಸ್‌ಎಂಟಿಗೆ ಹೋಗ್ತದೆ, ನೀನು ಆಚೆ ಪ್ಲಾಟ್‌ಫಾರ್ಮಿಗೆ ಹೋಗಿ ನಿಲ್ಲು, ಓಡ್ಲಿಕ್ಕೆ ಹೋಗಿ ಬೀಳ್ಬೇಡ ಆಯ್ತಾ. ಓಡಿದೆ. ಬ್ರಿಜ್ಜಿನ ಮೆಟ್ಟಿಲಲ್ಲಿ ಇಡೀ ಭಾಂಡುಪ್ ಎದುರಿಗೆ ಬರುತ್ತಿದೆ, ನಾನೊಬ್ಬಳೇ ಉಲ್ಟಾ, ದಿಖತಾ ನಹೀ ಕ್ಯಾ, ಕಾಣುತ್ತದಪ್ಪಾ ಕಾಣುತ್ತದೆ, ಸಾರಿ, ಸಾರಿ, ಆಚೆ ಇಳಿದು ಎಲ್ಲಿ ನಿಲ್ಲಬೇಕು, ಮುಂದೆಯೋ ಹಿಂದೆಯೋ — ತಡೆ, ಯೋಚಿಸು, ಲೋಕಲ್ಲು ಎತ್ತಿನ ಬಂಡಿಯ ಹಾಗೆ ಸುತ್ತು ಹಾಕಿ ತಿರುಗುವುದಿಲ್ಲ, ಬಂದ ಹಾಗೆಯೇ ಹಿಂದಕ್ಕೆ ಹೋಗುತ್ತದೆ, ಥಾಣೆ ಕಡೆಗಿದ್ದ ಡಬ್ಬಿ ಥಾಣೆ ಕಡೆಗೇ ಇರುತ್ತದೆ, ಅಂದರೆ ನಾನು ಇಳಿದ ಜಾಗದ ನೇರ ಎದುರಿಗೆ, ಆ ವಡಾಪಾವಿನ ಸ್ಟಾಲಿನ ಎದುರು. ನಿಂತೆ. ತಲೆಯ ಮೇಲೆ ಸ್ಪೀಕರಿನ ಹೆಂಗಸು ಹೇಳುತ್ತಿದ್ದಾಳೆ, ಲಾವಾರಿಸ್, ಒಡೆಯರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ, ಹೌದಮ್ಮ, ಇವತ್ತೇ ಹೇಳು, ಈಗಲೇ ಹೇಳು. ಯಾರೋ ಪೊಲೀಸರಿಗೆ ಕೊಟ್ಟರೆ, ಪೊಲೀಸರು ಬಿಚ್ಚಿ ನೋಡಿದರೆ, ಯಾರೋ ಒಳ್ಳೆಯ ಚೀಲ ಅಂತ ಚೀಲ ಇಟ್ಟುಕೊಂಡು ಹಲ್ಲು ಬಿಸಾಕಿದರೆ, ಚೀಲ ನಿಜಕ್ಕೂ ಚೆನ್ನಾಗಿದೆ, ಆಯಿ ತನ್ನ ಹಳೇ ಇಳಕಲ್ ಸೀರೆಯಲ್ಲಿ ಹೊಲಿದದ್ದು, ಬೆಳಿಗ್ಗೆ ತಾನೇ ತಂದು ನನ್ನ ಕೈಗಿಟ್ಟಳು, ಮಾತಿಲ್ಲ, ಸೆರಗಿನ ಮೇಲಿಂದ ಬರೇ ಕಣ್ಣು, ಇವತ್ತು ತಾ ಅನ್ನುವ ಕಣ್ಣು.

ಮತ್ತು ನನ್ನ ಕೆಲಸವೇನು, ನಗಬೇಕು, ವಿಲೆ ಪಾರ್ಲೆಯಲ್ಲಿ ಕೂತು ವಿಮಾನದಲ್ಲಿ ಬ್ಯಾಗು ಕಳೆದುಕೊಂಡವರ ಫೋನು ಎತ್ತುವುದು. ನಿಮ್ಮ ಬ್ಯಾಗನ್ನು ಹುಡುಕುತ್ತಿದ್ದೇವೆ ಸರ್, ದಯವಿಟ್ಟು ಸಹಕರಿಸಿ ಸರ್, ದಿನಕ್ಕೆ ಅರವತ್ತು ಸಲ, ಬೆಣ್ಣೆಯಂಥ ದನಿಯಲ್ಲಿ, ಬೆಳಿಗ್ಗೆ ಒಬ್ಬ ಕಿರುಚಿದ, ಅದರಲ್ಲಿ ನನ್ನ ಮಗಳ ಮದುವೆ ಸೀರೆ ಇದೆ, ನಿಮಗೇನು ಗೊತ್ತಾಗ್ತದೆ, ನಾನು ಮ್ಯೂಟ್ ಒತ್ತಿ ಪಕ್ಕದವಳಿಗೆ ಕಣ್ಣು ಹೊಡೆದೆ, ಸರ್, ಈಗ ಗೊತ್ತಾಯಿತು ಸರ್, ನಾಳೆ ಮೊದಲ ಫೋನು ನಿಮಗೇ ಮಾಡುತ್ತೇನೆ. ಲಂಚಿನಲ್ಲಿ ಮಾತ್ರ ಎಲ್ಲ ಸರಿಯಾಗಿತ್ತು, ಆಫೀಸಿನ ಕೆಳಗಿನ ಮಾಳಿಗೆಯ ಹಲ್ಲಿನ ಡಾಕ್ಟರು ಪ್ಲಾಸ್ಟಿಕ್ ಡಬ್ಬಿ ತೆರೆದು ತೋರಿಸಿದರು, ಗುಲಾಬಿ ವಸಡು, ಮುತ್ತಿನಂಥ ಸಾಲು, ಅಳತೆ ಕೊಡಲು ಆಯಿ ದಾದರಿನಲ್ಲಿ ಗಾಡಿ ಬದಲಿಸಿಕೊಂಡು ಎರಡು ಸಲ ಅಲ್ಲಿಗೆ ಬಂದಿದ್ದಳು, ಉದ್ದಕ್ಕೂ ಸೆರಗು ಬಾಯಿಗೆ, ವಾಂತಿ ಬರುತ್ತಿದೆ ಅಂದುಕೊಂಡು ಯಾರೋ ಕಿಟಕಿ ಸೀಟು ಬಿಟ್ಟುಕೊಟ್ಟಿದ್ದರು. ಗಾಡಿ ಬಂತು. ಬಂತು ಬಂತು, ಡಬ್ಬಿ ನೇರ ನನ್ನೆದುರಿಗೇ, ಒಳಗೆ ಹಾರಿ ನೋಡಿದರೆ ಹುಕ್ಕು ಖಾಲಿ, ರ‍್ಯಾಕು ಖಾಲಿ, ಅಲ್ಲ ತಡೆ, ಪಂಖಾ ನೋಡು, ನಮ್ಮ ಡಬ್ಬಿಯ ಪಂಖಾ ಕೆಟ್ಟಿತ್ತು, ಯಾರೋ ತಿರುಗಿಸಲು ಹೋಗಿ ಅದರ ಜಾಳಿಗೆಯಲ್ಲಿ ಕೆಂಪು ಬಾಚಣಿಗೆ ಸಿಕ್ಕಿಕೊಂಡಿತ್ತು, ಇಲ್ಲಿ ಎಲ್ಲ ಪಂಖಾ ಭರ್ ಅಂತ ತಿರುಗುತ್ತಿವೆ, ಕೆಳಗೆ ಹಾರಿದೆ, ಇದು ಕಲ್ಯಾಣದಿಂದ ಬಂದದ್ದು, ನಮ್ಮದಲ್ಲ, ನಮ್ಮದಲ್ಲ. ಇನ್ನೊಂದು ಬರಲಿ. ಏಳು ನಿಮಿಷ. ಅವ್ವನ ಫೋನು, ಎಲ್ಲದಿ, ಆಯಿ ಬಾಗಲಾಗೇ ಕುಂತಾಳ ನೋಡು, ಬಂದೆ ಅವ್ವ, ಭಾಂಡುಪ್ ಬಂದೀನಿ, ಸುಳ್ಳಲ್ಲ, ಬಂದಿದ್ದೇನೆ, ಹಲ್ಲು ಬಂದಿಲ್ಲ ಅಷ್ಟೇ.

ಬಂತು. ಗಾಳಿ ಮೊದಲು, ಆಮೇಲೆ ಸದ್ದು, ಡಬ್ಬಿ ನಿಂತಿತು, ಬಾಚಣಿಗೆ — ಕೆಂಪು ಬಾಚಣಿಗೆ, ಅದೇ, ಅದೇ ಡಬ್ಬಿ, ಒಳಗೆ ನುಗ್ಗಿದೆ, ಹುಕ್ಕಿನಲ್ಲಿ ಚೀಲ ಇಲ್ಲ. ಇಲ್ಲ. ಕಣ್ಣು ಮಂಜಾಯಿತು, ಗಾಡಿ ಹೊರಟಿತು, ನಾನು ಇಳಿಯುವ ಮೊದಲೇ ಹೊರಟಿತು, ಆಗ ಕಿಟಕಿ ಪಕ್ಕದಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತ ಒಬ್ಬ ಅಜ್ಜಿ, ಕಾಯ್ ಗ, ಪಿಶವೀ ಶೋಧತೇಸ್ ಕಾ, ಅವಳ ಮಡಿಲಲ್ಲಿ ಸೊಪ್ಪು, ಸೊಪ್ಪಿನ ಕೆಳಗೆ ಕೆಂಪಂಚು. ಚೀಲ ಹುಡುಕುತ್ತೀಯಾ ಅಂತ ಕೇಳುತ್ತಿದ್ದಾಳೆ, ಹೌದು ಅಂದೆನೋ ಅತ್ತೆನೋ, ಥಾಣೆಯಲ್ಲಿ ಹತ್ತಿದಾಗ ಹುಕ್ಕಿನಲ್ಲಿ ಒಂಟಿಯಾಗಿ ತೂಗುತ್ತಿತ್ತಂತೆ, ಬಿಚ್ಚಿ ನೋಡಿದಳಂತೆ, ದಾತ್ ಆಹೇತ್ ಅಂದಳು, ಹಲ್ಲು, ಇಡೀ ಡಬ್ಬಿ ನಕ್ಕಿತು, ನಾನೂ ನಕ್ಕೆ, ಮೂಗು ಒರೆಸಿಕೊಂಡು ನಕ್ಕೆ. ಇದು ಪೊಲೀಸರಿಗೆ ಕೊಡುವ ವಸ್ತುವಲ್ಲ, ಯಾರಾದರೂ ಓಡಿಕೊಂಡು ಬಂದೇ ಬರುತ್ತಾರೆ ಅಂತ ಮಡಿಲಲ್ಲಿಟ್ಟುಕೊಂಡೆ ಅಂದಳು, ಉಗುರಿನಿಂದ ತನ್ನ ಮುಂದಿನ ಹಲ್ಲನ್ನು ಟಕಟಕ ಬಡಿದಳು, ಮಾಝೇ ಪಣ, ನಂದೂ ಕಟ್ಟಿಸಿದ್ದೇ, ಇದಿಲ್ಲದೆ ಸೊಸೆ ಎದುರಿಗೂ ಬಾಯಿ ತೆರೆಯುವುದಿಲ್ಲ ನಾನು. ಅವಳ ಕಾಲು ಮುಟ್ಟಿದೆ, ಓಡುವ ಗಾಡಿಯಲ್ಲಿ ಸೊಪ್ಪಿನ ಕಡ್ಡಿಗಳ ನಡುವೆ, ಮುಂದಿನ ಸ್ಟೇಷನ್ ಕಾಂಜೂರ್‌ಮಾರ್ಗ್, ಇಳಿದೆ, ಚೀಲ ಎದೆಗೆ. ಹೋದ ಜೀವ ಬಂತು, ಹೋದ ಜೀವ ಬಂತು, ಸ್ಟಾಲಿನಲ್ಲಿ ಅರ್ಧ ಗ್ಲಾಸಿನ ಒಂದು ಕಟಿಂಗ್ ಚಹಾ ಕುಡಿದೆ, ಶುಂಠಿ ಜಾಸ್ತಿ, ನಾಲಿಗೆ ಸುಟ್ಟಿತು, ಇಂಥ ಚಹಾ ಜನ್ಮದಲ್ಲಿ ಕುಡಿದಿಲ್ಲ. ಪ್ಲಾಸ್ಟಿಕ್ ಡಬ್ಬಿ ತೆರೆದು ನೋಡಿದೆ, ಗುಲಾಬಿ ವಸಡು, ಎಲ್ಲ ಇವೆ, ಥಾಣೆ ನೋಡಿಕೊಂಡು ಬಂದು ನನ್ನ ನೋಡಿ ಹಲ್ಲು ಕಿರಿಯುತ್ತಿವೆ, ಕಿರಿಯಲಿ. ಜ್ಯೋತ್ಸ್ನಕ್ಕನಿಗೆ ಮೆಸೇಜು ಹಾಕಿದೆ, ಸಿಕ್ತು, ಅವಳು ಹತ್ತು ಕೈಮುಗಿದ ಚಿತ್ರ ಕಳಿಸಿದಳು. ವಾಪಸು ಬರುವ ಗಾಡಿಯಲ್ಲಿ ಕೂರಲು ಜಾಗವಿಲ್ಲ, ದೇನಾ ಬೇಟಾ ಊಪರ್ ರಖತೀ ಹೂಂ ಅಂದಳು ಕಿಟಕಿ ಪಕ್ಕದವಳು, ಬೇಡ ಆಂಟಿ, ಇದು ನನ್ನ ಕೈಯಲ್ಲೇ ಇರಲಿ.

ಬಿಲ್ಡಿಂಗಿನ ಲಿಫ್ಟು ಇವತ್ತೂ ಕೆಟ್ಟಿದೆ, ಕೆಡಲಿ, ಮೂರು ಮಾಳಿಗೆ ಹತ್ತುವುದು ಇವತ್ತು ಏನೂ ಅಲ್ಲ, ವಾಚ್‌ಮನ್ನನ ಶೆಡ್ಡಿನ ತಗಡು ನೋಡಿ ನಗು ಬಂತು, ಬಾಗಿಲು ಅರ್ಧ ತೆರೆದೇ ಇದೆ, ಆಯಿ ಹೊಸ್ತಿಲ ಹತ್ತಿರ ಮಣೆ ಹಾಕಿಕೊಂಡು ಕೂತಿದ್ದಾಳೆ, ಹಣೆಯಲ್ಲಿ ವಿಭೂತಿ, ಬಾಯಿಗೆ ಸೆರಗು, ತಲೆ ಆಡಿಸಿದಳು, ಚೀಲ ಕೊಟ್ಟೆ, ದಾರಿಯ ಕಥೆ ಒಂದೂ ಹೇಳಲಿಲ್ಲ, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು, ನೀರಿನ ಸದ್ದು, ಬಹಳ ಹೊತ್ತು ನೀರಿನ ಸದ್ದು, ಅವ್ವ ನನ್ನ ಮುಖ ನೋಡಿದಳು, ನಾನು ಅವ್ವನ ಮುಖ ನೋಡಿದೆ, ಸರಿಯಾಗಿ ಕೂರದಿದ್ದರೆ, ಚುಚ್ಚಿದರೆ. ಚಿಲಕ ತೆರೆಯಿತು. ಸೆರಗು ಇನ್ನೂ ಬಾಯಿಗೇ. ಆಯಿ ಅಂದೆ, ಅವತ್ತ ನಾ ನಕ್ಕಿದ್ದು ತಪ್ಪಾತ ಆಯಿ, ಇಷ್ಟು ದಿನ ಆಡದೆ ಇಟ್ಟುಕೊಂಡಿದ್ದ ಮಾತು, ಎಷ್ಟು ಸಣ್ಣದು. ಅವಳು ಅವ್ವ ಮಾಡಿಟ್ಟ ಮೆತ್ತನೆಯ ಅನ್ನದ ತಾಟನ್ನು ಪಕ್ಕಕ್ಕೆ ಸರಿಸಿದಳು, ಎದ್ದು ತಾನೇ ಮೇಲಿನ ಡಬ್ಬಿಯಿಂದ ಖಡಕ್ ರೊಟ್ಟಿ ತೆಗೆದಳು, ಎಳ್ಳು ಹಚ್ಚಿದ್ದು, ತಾಟಿಗಿಂತ ಅಗಲದ್ದು, ಕೂತಳು, ಒಂದು ಕೈಯಲ್ಲಿ ಹಿಡಿದಳು, ಒಂದೇ ಕೈಯಲ್ಲಿ ಖಡಕ್ ರೊಟ್ಟಿ ಮುರಿಯಲು ಬರುವುದಿಲ್ಲ, ಅದು ಆಯಿಗೂ ಗೊತ್ತು, ನನಗೂ ಗೊತ್ತು, ನಾನು ಉಸಿರು ಹಿಡಿದು ನೋಡುತ್ತಿದ್ದೇನೆ, ಎರಡು ಬೆರಳು ಸಡಿಲವಾದವು, ಸೆರಗು ಜಾರಿತು, ಹೆಗಲಿಗೆ ಬಂತು, ಬಂದೀ ಏನ ನನ್ನವ್ವ ಅಂದಳು, ಅಂದದ್ದು ನೆಟ್ಟಗೆ ಕೇಳಿತು, ಆದರೆ ನಾನು ನೋಡುತ್ತಿರುವುದು ಕೈಗಳನ್ನು, ಎರಡೂ ಕೈ ರೊಟ್ಟಿಯ ಮೇಲೆ, ಎರಡೂ ಕೈ, ಕಟ್ —